ಬದುಕಿರುವಾಗಲೇ ಬರೆದಿಡುವ ಆಸ್ತಿ



ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಂಥ ಊರುಗಳಲ್ಲಿ ಜಮೀನಿನ ಲೆಕ್ಕ ಎಕರೆ, ಗುಂಟೆಯಲ್ಲಿ. ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿ ಈಗ ಒಂದೊಂದು ಗುಂಟೆಗೂ ಬೆಲೆ ಬಂದಿದೆ. ಬೆಲೆ ಬಂದಲ್ಲಿ ಮನಸ್ತಾಪವೂ ಬರುತ್ತದೆ. ತಂದೆ ತೀರಿಕೊಂಡ ಕಣ್ಣೀರು ಆರುವ ಮೊದಲೇ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರ ಇಡುವ ಮನೆಗಳಿವೆ.

ಇದನ್ನು ತಪ್ಪಿಸಲು ‘ಲಿವಿಂಗ್ ಟ್ರಸ್ಟ್ ಮಾಡಿಬಿಡಿ’ ಎಂದು ವಿದೇಶದಲ್ಲಿರುವ ಮಕ್ಕಳು ಹೇಳುವುದುಂಟು. ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗಳ ಕೈಗೆ ಒಪ್ಪಿಸಿ, ಯಾರಿಗೆ ಏನು ಸೇರಬೇಕೆಂದು ಬರೆದಿಡುವ ವ್ಯವಸ್ಥೆ ಇದು. ಮರಣಪತ್ರವನ್ನು ಕೋರ್ಟಿನಲ್ಲಿ ಸಾಬೀತುಪಡಿಸುವ ಖರ್ಚು, ವಿಳಂಬ ತಪ್ಪಲೆಂದು ಅಮೆರಿಕದಲ್ಲಿ ಇದನ್ನು ಮಾಡುತ್ತಾರೆ. ಭಾರತದಲ್ಲಿ ಮುಸ್ಲಿಮರ ವಸಿಯ್ಯತ್ತಿಗೆ ಅಂತಹ ಪ್ರೊಬೇಟ್ ಕಡ್ಡಾಯವಿಲ್ಲ. ಇಲ್ಲಿಯೂ 1882ರ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಬಹುದು. ಮನೆ, ಜಮೀನಾದರೆ ನೋಂದಣಿಯಾಗಬೇಕು. ಆದರೆ ಮರಣದ ನಂತರವಷ್ಟೇ ಜಾರಿಗೆ ಬರುವಂತೆ ಬರೆದರೆ ವಸಿಯ್ಯತ್ತಿನ ಮಿತಿ ಅದಕ್ಕೂ ತಗಲುತ್ತದೆ.

ಆ ಮಿತಿ ಮೂರನೇ ಒಂದು ಭಾಗ. ತಮ್ಮ ಸಂಪತ್ತನ್ನು ದಾನಕ್ಕೆ ಬರೆಯಲು ಹೊರಟ ಸಅದ್ ಬಿನ್ ಅಬೀ ವಕ್ಕಾಸ್(ರ)ರನ್ನು ಪ್ರವಾದಿ(ಸ) ಅಷ್ಟಕ್ಕೇ ನಿಲ್ಲಿಸಿದರು. ಅದೂ ಹೆಚ್ಚೇ ಎಂದರು. ಇತರ ವಾರಸುದಾರರು ಒಪ್ಪದೆ ಒಬ್ಬ ವಾರಸುದಾರನಿಗೆ ವಸಿಯ್ಯತ್ ಬರೆಯುವಂತಿಲ್ಲ.

ಹಿಬಾ ಬೇರೆ. ಕೊಟ್ಟೆನೆಂದು ಹೇಳಬೇಕು, ಪಡೆದವರು ಒಪ್ಪಬೇಕು, ಸ್ವಾಧೀನ ಕೈಬದಲಾಗಬೇಕು. ಮೂರೂ ಇದ್ದರೆ ಬಾಯಿಮಾತಿನ ಹಿಬಾ ಕೂಡ ಸಿಂಧುವೆಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಿದೆ. ಆದರೂ ಖಾತೆ, ಪಹಣಿಯ ತೊಡಕು ಬಾರದಿರಲು ನೋಂದಣಿ ಮಾಡಿಸುವುದೇ ಕ್ಷೇಮ. ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟ ತಂದೆಯನ್ನು ‘ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ?’ ಎಂದು ಕೇಳಿ, ಅದಕ್ಕೆ ಸಾಕ್ಷಿಯಾಗಲು ಪ್ರವಾದಿ(ಸ) ನಿರಾಕರಿಸಿದ್ದನ್ನು ಮರೆಯಬಾರದು.

ಟ್ರಸ್ಟಿಗೆ ಬಹಳ ಹತ್ತಿರವಾದದ್ದು ನಮ್ಮಲ್ಲೇ ಇದೆ: ವಕ್ಫ್ ಅಲಲ್ ಔಲಾದ್. ಆಸ್ತಿ ಮಾರಾಟವಾಗದೆ ಉಳಿಯುತ್ತದೆ, ಆದಾಯ ಕುಟುಂಬಕ್ಕೆ, ಸಂತತಿ ಮುಗಿದರೆ ಸತ್ಕಾರ್ಯಕ್ಕೆ. 1894ರಲ್ಲಿ ಪ್ರಿವಿ ಕೌನ್ಸಿಲ್ ಇಂತಹ ಒಂದು ವಕ್ಫನ್ನು ಅಸಿಂಧುಗೊಳಿಸಿತು. ಜಿನ್ನಾ ಮಂಡಿಸಿದ ಮಸೂದೆಯಿಂದ 1913ರಲ್ಲಿ ಅದಕ್ಕೆ ಮತ್ತೆ ಮಾನ್ಯತೆ ಸಿಕ್ಕಿತು. 2025ರ ತಿದ್ದುಪಡಿಯಲ್ಲಿ ಎಷ್ಟೋ ವಿವಾದಗಳಿರಬಹುದು. ಆದರೆ ಇಂತಹ ವಕ್ಫಿನಿಂದ ಹೆಣ್ಣುಮಕ್ಕಳ ವಾರಸು ಹಕ್ಕು ತಪ್ಪಬಾರದೆಂಬ ಅದರ ಮಾತು ನಮಗೆ ಹೊಸದೇನಲ್ಲ. ಸೂರಃ ಅನ್ನಿಸಾ ಹೆಣ್ಣಿನ ಪಾಲನ್ನು ಆಗಲೇ ನಿಗದಿಪಡಿಸಿದೆ.

ಒಂದು ಲೆಕ್ಕ ನೋಡಿ. ಒಬ್ಬಾತ 1 ಎಕರೆ 8 ಗುಂಟೆ, ಅಂದರೆ 48 ಗುಂಟೆ ಬಿಟ್ಟು ತೀರಿಕೊಂಡ, ಹೆತ್ತವರು ಇಲ್ಲ. ಕಫನ್-ದಫನಿನ ಖರ್ಚು, ಸಾಲ, ಪತ್ನಿಗೆ ಬಾಕಿಯಿರುವ ಮಹರ್, ವಸಿಯ್ಯತ್ ಎಲ್ಲ ತೀರಿದ ಬಳಿಕವೂ ಅಷ್ಟೂ ಉಳಿದಿದೆ ಎಂದುಕೊಳ್ಳಿ. ಪತ್ನಿಗೆ ಎಂಟನೇ ಒಂದು ಭಾಗ, 6 ಗುಂಟೆ. ಉಳಿದ 42ರಲ್ಲಿ ಇಬ್ಬರು ಗಂಡುಮಕ್ಕಳಿಗೆ ತಲಾ 14, ಇಬ್ಬರು ಹೆಣ್ಣುಮಕ್ಕಳಿಗೆ ತಲಾ 7. ಆ 7 ಗುಂಟೆ ಅಣ್ಣ ಕೊಡುವ ಭಿಕ್ಷೆಯಲ್ಲ. ಮದುವೆಯಲ್ಲಿ ಕೊಟ್ಟ ಒಡವೆ, ಸೀರೆಗೆ ಅದು ವಜಾ ಆಗುವುದೂ ಇಲ್ಲ.

ಆದ್ದರಿಂದ ಕಾಗದದ ಹೆಸರು ಟ್ರಸ್ಟೋ, ಹಿಬಾವೋ, ವಕ್ಫೋ ಎನ್ನುವುದಕ್ಕಿಂತ, ಯಾರ ಪಾಲು ಉಳಿಯಿತು, ಯಾರ ಪಾಲು ಅಳಿಯಿತು ಎಂಬುದನ್ನು ನೋಡಿ. ಬದುಕಿರುವಾಗಲೇ ಬರೆಯುವುದಾದರೆ ವಾಸದ ಮನೆಯನ್ನಾದರೂ ನಿಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಿ. ಮಕ್ಕಳಿಗೆ ಕೊಡುವಾಗ ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಅವರು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಪತ್ರವನ್ನು ರದ್ದುಪಡಿಸಲು ಅರ್ಜಿ ಹಾಕಬಹುದು.

ಓದಿ ಅರ್ಥವಾಗದ ಯಾವ ಕಾಗದಕ್ಕೂ ಸಹಿಯಾಗಲಿ, ಹೆಬ್ಬೆಟ್ಟಾಗಲಿ ಹಾಕಬೇಡಿ. ಆಲಿಮರನ್ನೂ ವಕೀಲರನ್ನೂ ಕೇಳಿಯೇ ಮುಂದುವರಿಯಿರಿ. ಈ ಮಾತನ್ನು ಮನೆಯ ಹಿರಿಯರು ಆರೋಗ್ಯವಾಗಿರುವಾಗಲೇ ಎತ್ತಬೇಕು. ಮಯ್ಯತ್ ಅಂಗಳದಲ್ಲಿರುವಾಗ ಅಲ್ಲ.