ಕೊನೇ ಬೆಂಚಿಂದ – 7: ‘ಬೇಡ’ ಅನ್ನೋಕೂ ಜಾಗ ಇರ್ಲಿ

ಫೋಟೋದಲ್ಲಿರೋದು ನನ್ನ ಬಿಸಿನೆಸ್ ಲಾ ನೋಟ್ಸ್. ಅಕ್ಷರ ನೋಡಿ ನಗ್ಬೇಡಿ, ಹೈಲೈಟರ್ ಹಾಕಿದ ಸಾಲು ಮಾತ್ರ ನೋಡಿ. ಇಂಡಿಯನ್ ಕಾಂಟ್ರಾಕ್ಟ್ ಆ್ಯಕ್ಟ್ 1872, ಸೆಕ್ಷನ್ 14: ಫ್ರೀ ಕನ್ಸೆಂಟ್.

ಬಿಕಾಂನವರಿಗೆ ಇದು ಬಾಯಿಪಾಠ. ಉಳಿದವರಿಗೆ ಸುಲಭದಲ್ಲಿ ಹೇಳ್ತೇನೆ. ಎದುರಿನವರು ‘ಹೂಂ’ ಅಂದ್ರೆ ಸಾಕಾಗೋದಿಲ್ಲ. ಆ ‘ಹೂಂ’ ಒತ್ತಾಯದಿಂದ ಬಂದಿರಬಾರದು, ಯಾರದೋ ಪ್ರಭಾವಕ್ಕೆ ಸಿಕ್ಕಿ ಬಂದಿರಬಾರದು, ಮೋಸದಿಂದ, ತಪ್ಪು ಮಾಹಿತಿಯಿಂದ, ತಪ್ಪು ತಿಳುವಳಿಕೆಯಿಂದ ಬಂದಿರಬಾರದು. ಒಟ್ಟು ಐದು.

ಎಕ್ಸಾಮಿನ ಹಿಂದಿನ ರಾತ್ರಿ ಇದನ್ನು ಓದುವಾಗ ನನಗೆ ನೆನಪಾದದ್ದು ಯಾವ ಕಾಂಟ್ರಾಕ್ಟೂ ಅಲ್ಲ, ನನ್ನ ಗೆಳತಿ.

ಈ ಪೇಜ್ ಫಾಲೋ ಮಾಡೋರಿಗೆ ಗೊತ್ತುಂಟು. ನಾನು ಮಂಗಳೂರಿನವಳು, ಪ್ರೊಟೆಸ್ಟೆಂಟ್ ಮನೆಯವಳು, ಭಾನುವಾರ ಬೆಳಿಗ್ಗೆ ಕನ್ನಡ ಆರಾಧನೆಯಲ್ಲಿ ಕ್ವಾಯರ್ ಹಾಡೋಳು. ಯೇಸುವನ್ನು ನಂಬ್ತೇನೆ. ನನಗೆ ಮುಖ್ಯವಾದದ್ದನ್ನು ನನ್ನ ಫ್ರೆಂಡ್ಸ್ ಹತ್ರ ಹೇಳ್ಬೇಕು ಅಂತಲೂ ಆಸೆ ಉಂಟು. ಆದ್ರೆ ಹೇಳೋ ರೀತಿಯಲ್ಲಿ ನಾನು ಮೂರು ಸಲ ಎಡವಿದ್ದೇನೆ. ಅದನ್ನೇ ಇವತ್ತು ಬರೀತಿದ್ದೇನೆ.

ಒಂದನೇದು, ಬಿರಿಯಾನಿ.

ಫಸ್ಟ್ ಇಯರ್, ಡಿಸೆಂಬರ್. ‘ಕ್ರಿಸ್ಮಸ್ ಪ್ರೋಗ್ರಾಮ್ ಮಾರಾಯ್ತಿ, ಡ್ಯಾನ್ಸ್ ಉಂಟು, ಬಿರಿಯಾನಿ ಉಂಟು, ಬಾ’ ಅಂತ ಅವಳನ್ನು ಕರ್ದೆ. ಮಧ್ಯದಲ್ಲಿ ಮುಕ್ಕಾಲು ಗಂಟೆ ಪ್ರಸಂಗ ಉಂಟು, ಕೊನೆಗೆ ‘ಯಾರೆಲ್ಲ ಯೇಸುವನ್ನು ಸ್ವೀಕರಿಸ್ತೀರಿ, ಕೈ ಎತ್ತಿ’ ಅಂತ ಕೇಳ್ತಾರೆ ಅನ್ನೋದು ನನಗೆ ಗೊತ್ತಿತ್ತು. ಹೇಳ್ಲಿಲ್ಲ. ಹೇಳಿದ್ರೆ ಬರೋದಿಲ್ಲ ಅಂತ ಲೆಕ್ಕ ಹಾಕಿದ್ದೆ. ಸುತ್ತಲಿನವರೆಲ್ಲ ಕಣ್ಣು ಮುಚ್ಚಿದಾಗ ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡ್ತಾ ಕೂತಿದ್ಳು.

ವಾಪಸ್ ಬರುವಾಗ ಬಸ್ಸಲ್ಲಿ ಅವಳು ಕೇಳಿದ್ದು ಒಂದೇ: ‘ಮೊದ್ಲೇ ಹೇಳಿದ್ರೂ ನಾನು ಬರ್ತಿದ್ದೆ. ಯಾಕೆ ಹೇಳ್ಲಿಲ್ಲ?’

ಸೆಕ್ಷನ್ 17 ಓದಿ. ಗೊತ್ತಿರೋ ವಿಷಯವನ್ನು ಬೇಕಂತಲೇ ಮುಚ್ಚಿಡೋದನ್ನು ಕಾನೂನು ಮೋಸದ ಪಟ್ಟಿಯಲ್ಲೇ ಇಟ್ಟಿದೆ. ನಾನದನ್ನು ಪ್ರೀತಿ ಅಂದ್ಕೊಂಡಿದ್ದೆ.

ಎರಡನೇದು ಬರೆಯೋಕೆ ಕಷ್ಟ.

ಕಳೆದ ವರ್ಷ ಅವಳ ಅಜ್ಜಿ ಐಸಿಯುನಲ್ಲಿದ್ರು. ಹೊರಗಿನ ಕುರ್ಚಿಯಲ್ಲಿ ಅವಳ ಪಕ್ಕ ಕೂತು ನಾನು ಹೇಳಿದೆ: ‘ನೀನು ಯೇಸುವಲ್ಲಿ ನಂಬಿಕೆ ಇಡು, ಅಜ್ಜಿ ಖಂಡಿತ ಗುಣ ಆಗ್ತಾರೆ.’ ಅವಳು ತಲೆ ಆಡಿಸಿದ್ಳು. ನಾನು ಹೇಳಿಕೊಟ್ಟ ಹಾಗೇ ಪ್ರಾರ್ಥನೆ ಮಾಡಿದ್ಳು. ನಾಲ್ಕನೇ ದಿನ ಅಜ್ಜಿ ಹೋದ್ರು.

ಬೊಜ್ಜ ಎಲ್ಲ ಮುಗಿದ ಮೇಲೆ ಒಂದಿನ ಕ್ಯಾಂಟೀನಲ್ಲಿ ಕೇಳಿದ್ಳು: ‘ನಾನು ಸರಿಯಾಗಿ ನಂಬ್ಲಿಲ್ಲ ಅಂತ ಅಜ್ಜಿ ಹೋದದ್ದಾ?’

ಆವತ್ತು ನನ್ನ ಬಾಯಿಂದ ಏನೂ ಬರ್ಲಿಲ್ಲ.

ಸೆಕ್ಷನ್ 18 ಹೇಳೋದೇನು ಗೊತ್ತಾ? ನಿಮ್ಮ ಹತ್ರ ಇರೋ ಮಾಹಿತಿ ಸಾಲದೇ ಇದ್ರೂ, ನಿಜ ಅಲ್ಲದ್ದನ್ನು ‘ಇದು ಹೀಗೇ’ ಅಂತ ಗಟ್ಟಿಯಾಗಿ ಹೇಳಿದ್ರೆ, ನೀವೇ ಅದನ್ನು ನಿಜ ಅಂತ ನಂಬಿದ್ರೂ ಅದು ತಪ್ಪು ನಿರೂಪಣೆ. ‘ಖಂಡಿತ’ ಅನ್ನೋ ಪದ ನನ್ನ ಕೈಲಿ ಇರ್ಲಿಲ್ಲ. ಯಾರು ಬದುಕ್ತಾರೆ ಅಂತ ದೇವರು ನನಗೆ ಹೇಳಿರ್ಲಿಲ್ಲ. ಸೆಕ್ಷನ್ 16 ಇನ್ನೂ ಚುಚ್ಚುತ್ತೆ. ಕಾಯಿಲೆ, ಸಂಕಟದಿಂದ ಕುಗ್ಗಿದವರ ಹತ್ರ ಒಪ್ಪಿಗೆ ತಗೊಳ್ಳೋರ ಮೇಲೆ ಕಾನೂನಿಗೆ ಮೊದಲೇ ಸಂಶಯ. ಅಷ್ಟು ಸಂಕಟದಲ್ಲಿದ್ದವಳು ನಾನು ಏನು ಹೇಳಿದ್ರೂ ‘ಹೂಂ’ ಅಂತಿದ್ಳು.

ನಿಜ ಹೇಳ್ಬೇಕಾದ್ರೆ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಯೂತ್ ಮೀಟಿಂಗಲ್ಲಿ ಹೇಳೋಕೆ ಒಂದು ಒಳ್ಳೇ ಸಾಕ್ಷಿ ಸಿಗುತ್ತೆ ಅನ್ನೋ ಆಸೆಯೂ ಇತ್ತು.

ಮೂರನೇದು, ಪೂರ್ತಿ ಉಲ್ಟಾ. ಆಮೇಲೆ ಆರು ತಿಂಗಳು ನಾನು ನಂಬಿಕೆಯ ಸುದ್ದಿಯೇ ಎತ್ತಲಿಲ್ಲ. ಯಾರಾದ್ರೂ ಕೇಳಿದ್ರೆ ‘ಎಲ್ಲ ಒಂದೇ ಅಲ್ವಾ’ ಅಂತ ಜಾರ್ಕೊಳ್ತಿದ್ದೆ. ಇದನ್ನೂ ಅವಳೇ ಹಿಡಿದ್ಳು. ‘ನೀನು ಹಾಗೆ ನಂಬೋದಿಲ್ಲ. ಮತ್ಯಾಕೆ ನನ್ನ ಹತ್ರ ಹಾಗೆ ಹೇಳ್ತೀಯಾ? ನಾನೇನು ಗಾಜಿನ ಲೋಟನಾ, ಒಡೆದು ಹೋಗೋಕೆ?’

ಎದುರಿನವರು ನಿಜ ಕೇಳಿ ತಡ್ಕೊಳ್ಳೋದಿಲ್ಲ ಅಂತ ನಾವೇ ತೀರ್ಮಾನ ಮಾಡೋದು ಪ್ರೀತಿ ಹೇಗಾಗುತ್ತೆ?

ಆಮೇಲೆ ಬೈಬಲಲ್ಲಿ ಮಾರ್ಕನ ಸುವಾರ್ತೆ 10ನೇ ಅಧ್ಯಾಯ ಇನ್ನೊಂದು ಸಲ ಓದಿದೆ. ಒಬ್ಬ ಶ್ರೀಮಂತ ಯೇಸುವಿನ ಹತ್ರ ಓಡಿ ಬರ್ತಾನೆ. ಯೇಸು ಅವನನ್ನು ನೋಡಿ ಪ್ರೀತಿಸಿದ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಪ್ರೀತಿಸಿಯೇ, ಅವನಿಗೆ ತೀರಾ ಕಷ್ಟವಾದ ಮಾತನ್ನು ಹೇಳ್ತಾನೆ: ಇರೋದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ. ಅವನು ಬೇಜಾರಲ್ಲಿ ಹೊರಟು ಹೋಗ್ತಾನೆ. ಯೇಸು ಹಿಂದೆ ಓಡೋದಿಲ್ಲ. ‘ಸರಿ, ಅರ್ಧ ಮಾರಿದ್ರೆ ಸಾಕು’ ಅಂತ ಡಿಸ್ಕೌಂಟ್ ಕೊಡೋದಿಲ್ಲ. ಹೆದರಿಸೋದೂ ಇಲ್ಲ. ಹೋಗೋಕೆ ಬಿಡ್ತಾನೆ.

ಸಂಡೇ ಸ್ಕೂಲಲ್ಲಿ ಈ ಕಥೆಯಿಂದ ನಾನು ಕಲಿತದ್ದು ದುಡ್ಡಿನ ಪಾಠ. ಈಗ ಕಾಣ್ತಿರೋದು ಆ ‘ಹೋಗೋಕೆ ಬಿಟ್ಟದ್ದು’. ಪೇತ್ರನ ಮೊದಲನೇ ಪತ್ರದಲ್ಲೂ ಅಷ್ಟೇ. ಕೇಳಿದವರಿಗೆ ನಿನ್ನ ನಿರೀಕ್ಷೆಯ ಬಗ್ಗೆ ಉತ್ತರ ಕೊಡೋಕೆ ರೆಡಿಯಾಗಿರು ಅಂತ ಉಂಟು, ಜೊತೆಗೇ ಮೃದುವಾಗಿ, ಗೌರವದಿಂದ ಹೇಳು ಅಂತಲೂ ಉಂಟು. ನಾವು ಮೊದಲರ್ಧ ಮಾತ್ರ ಬಾಯಿಪಾಠ ಮಾಡ್ತೇವೆ.

ಗೌರವ ಅಂದ್ರೆ ಪದಗಳಲ್ಲೂ ಬೇಕು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ಆ ಮಿಷನ್‌ನ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು ಅಂತ ನಾವು ಚರ್ಚಲ್ಲಿ ಹೆಮ್ಮೆಯಿಂದ ಹೇಳ್ಕೊಳ್ತೇವೆ. ಅಂಥ ನಿಘಂಟು ಮಾಡ್ಬೇಕಾದ್ರೆ ಒಬ್ಬ ಮನುಷ್ಯ ಎಷ್ಟು ವರ್ಷ ಈ ಊರಿನವರ ಮಾತು ಕೇಳ್ತಾ ಕೂತಿರ್ಬೇಕು! ಅದೇ ವರ್ಷದಿಂದ, ಬರ್ನೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿದ್ದ ತುಳುನಾಡಿನ ಭೂತಾರಾಧನೆಯ ವಿವರಗಳು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದವು. ಶೀರ್ಷಿಕೆಯಲ್ಲಿ ಇದ್ದ ಪದ ‘ಡೆವಿಲ್ ವರ್ಷಿಪ್’. ಒಂದು ಮನೆಯವರು ತಲೆಮಾರಿನಿಂದ ನಂಬಿದ ದೈವವನ್ನು ನೀವು ಹಾಗೆ ಕರೆದ್ರೆ, ಆಮೇಲೆ ನೀವು ಎಷ್ಟು ಸಿಹಿಯಾಗಿ ಮಾತಾಡಿದ್ರೂ ಆ ಮನೆಯಲ್ಲಿ ಯಾರು ಕೇಳ್ತಾರೆ?

ಈ ವರ್ಷ ಗೆಳತಿಯ ಮನೆಯಲ್ಲಿ ನೇಮ ಇತ್ತು. ನನ್ನನ್ನೂ ಕರ್ದಳು. ಈ ಸಲ ಮೊದ್ಲೇ ಹೇಳಿದೆ: ‘ಬರ್ತೇನೆ, ಕೂತು ನೋಡ್ತೇನೆ, ಊಟ ಮಾಡ್ತೇನೆ. ಆದ್ರೆ ಗಂಧಪ್ರಸಾದ ತಗೊಳ್ಳೋದಿಲ್ಲ, ನನ್ನ ನಂಬಿಕೆ ಹಾಗೆ. ಮನೆಯವರಿಗೆ ಬೇಜಾರಾಗೋದಾದ್ರೆ ಹೇಳು, ಇನ್ನೊಂದಿನ ಬರ್ತೇನೆ.’ ಅವಳ ಅಮ್ಮ ಫೋನ್ ತಗೊಂಡು ಹೇಳಿದ್ರು: ‘ಊಟಕ್ಕೆ ಬಾರದಿದ್ರೆ ಮಾತ್ರ ಬೇಜಾರು ಮಗಾ. ಬಾ.’

ಆ ರಾತ್ರಿ ನೇಮ ನೋಡ್ತಾ ಅವಳೇ ಕೇಳಿದ್ಳು, ‘ನಿನ್ನ ಯೇಸುವಿನಲ್ಲಿ ನಿನಗೆ ಇಷ್ಟ ಆದದ್ದೇನು?’ ಎರಡು ವರ್ಷದಲ್ಲಿ ಅವಳಾಗಿ ಕೇಳಿದ್ದು ಅದೇ ಮೊದಲು. ಹೇಳಿದೆ. ಅಜ್ಜಿ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ನಿನ್ನ ನಂಬಿಕೆ ಕಮ್ಮಿಯಾಗಿ ಅವರು ಹೋದದ್ದಲ್ಲ ಅಂತಲೂ ಹೇಳಿದೆ. ಅವಳು ಅತ್ಳು. ನಾನೂ ಅತ್ತೆ.

ಅವಳು ಕ್ರಿಶ್ಚಿಯನ್ ಆಗಿಲ್ಲ. ಹೇಳ್ದೆ ಬಿಟ್ರೆ ನೀವು ಹೇಗೂ ಕೇಳ್ತೀರಿ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡೋ ಹಕ್ಕು ಕೊಡುತ್ತೆ. 1977ರಲ್ಲಿ ಸುಪ್ರೀಂ ಕೋರ್ಟ್, ಅದು ನಮ್ಮ ಧರ್ಮದ ತತ್ವಗಳನ್ನು ತಿಳಿಸೋ ಹಕ್ಕು, ಇನ್ನೊಬ್ಬರನ್ನು ಮತಾಂತರಿಸೋ ಹಕ್ಕಲ್ಲ ಅಂತ ಹೇಳಿತು. ನಮ್ಮವರಲ್ಲಿ ಕೆಲವರಿಗೆ ಆ ತೀರ್ಪು ಇಷ್ಟ ಇಲ್ಲ. ನನಗೆ ಅನಿಸೋದು, ಹೇಗೂ ಇನ್ನೊಬ್ಬರ ಮನಸ್ಸನ್ನು ತಿರುಗಿಸೋದು ನನ್ನ ಕೆಲಸ ಅಲ್ಲ. ನನ್ನ ನಂಬಿಕೆಯ ಪ್ರಕಾರ ಅದು ದೇವರ ಕೆಲಸ. ನನ್ನ ಪಾಲಿಗೆ ಇರೋದು ನಿಜ ಹೇಳೋದು, ಜೊತೆಗಿರೋದು.

ಕ್ರಿಶ್ಚಿಯನ್ ಅಲ್ಲದ ಫ್ರೆಂಡ್ಸಿಗೂ ಒಂದು ಮಾತು. ಡಿಸೆಂಬರಲ್ಲಿ ಕುಸ್ವಾರ್ ಡಬ್ಬಿ ತೆಗೆದ ಕೂಡಲೇ ‘ಏನು, ಕನ್ವರ್ಟ್ ಮಾಡ್ತೀಯಾ?’ ಅಂತ ತಮಾಷೆ ಮಾಡ್ತೀರಲ್ಲ, ನಾವು ನಗ್ತೇವೆ, ಆದ್ರೆ ಮನಸ್ಸಿಗೆ ತಾಗುತ್ತೆ. ಕೆಲವೊಮ್ಮೆ ಕೇಕ್ ಅಂದ್ರೆ ಕೇಕ್ ಅಷ್ಟೇ.

ನನ್ನ ಹಾಗೆ ನಂಬೋರಿಗೆ: ಬಾಯಿ ತೆಗೆಯೋ ಮೊದಲು ಮೂರು ಪ್ರಶ್ನೆ ಕೇಳ್ಕೊಳ್ಳಿ. ನಾನು ಯಾಕೆ ಬಂದಿದ್ದೇನೆ ಅಂತ ಅವರಿಗೆ ಗೊತ್ತುಂಟಾ? ನನಗೆ ಗೊತ್ತಿಲ್ಲದ್ದನ್ನು ‘ಖಂಡಿತ’ ಅಂತಿದ್ದೇನಾ? ಅವರು ‘ಬೇಡ’ ಅಂದ್ರೆ ನಾಳೆ ಕ್ಯಾಂಟೀನಲ್ಲಿ ಅದೇ ಟೇಬಲಲ್ಲಿ ಕೂರ್ತೇನಾ?

ಮೂರನೇದಕ್ಕೆ ಉತ್ತರ ‘ಇಲ್ಲ’ ಅಂತಾದ್ರೆ, ಮೊದಲು ಅದನ್ನು ಸರಿ ಮಾಡ್ಕೊಳ್ಳಿ.

(ಪೋಸ್ಟ್ ಮಾಡೋ ಮೊದಲು ಅವಳಿಗೆ ಓದೋಕೆ ಕೊಟ್ಟಿದ್ದೆ. ಐಸಿಯು ವಿಷಯ ತೆಗೀಲಾ ಅಂತ ಕೇಳಿದೆ. ‘ಇರ್ಲಿ, ಇನ್ನೊಬ್ಬರಿಗೆ ಯಾರಾದ್ರೂ ಹಾಗೆ ಹೇಳೋದು ತಪ್ಪುತ್ತೆ’ ಅಂದ್ಳು.)

ನಿಮಗೂ ಯಾರಾದ್ರೂ ತಮ್ಮ ನಂಬಿಕೆ ಬಗ್ಗೆ ಹೇಳಿ ನೋವಾದದ್ದು, ಇಲ್ಲಾ ಖುಷಿಯಾದದ್ದು ಉಂಟಾ? ಕಾಮೆಂಟಲ್ಲಿ ಬರೀರಿ. ಜಗಳ ಬೇಡ, ಪ್ಲೀಸ್.

#ಕೊನೇಬೆಂಚಿಂದ #ಬಿಕಾಂಬದುಕು #ನಂಬಿಕೆ #ಗೆಳೆತನ