ಮಾಟಗಾತಿಯ ಬೆಕ್ಕಿನ ಹೆಸರು

ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಮೊದಲ ದೃಶ್ಯದಲ್ಲಿ ಮಾಟಗಾತಿಯೊಬ್ಬಳು ತನ್ನ ಬೆಕ್ಕಿನ ಕರೆಗೆ ಓಗೊಡುತ್ತಾಳೆ. ಬೆಕ್ಕಿನ ಹೆಸರು ಗ್ರೇಮಾಲ್ಕಿನ್. ಪರೀಕ್ಷೆಗೆ ಓದುವವರು ‘ಬೂದು ಬೆಕ್ಕು’ ಎಂದು ಅರ್ಥ ಗುರುತುಹಾಕಿಕೊಂಡು ಮುಂದೆ ಹೋಗುತ್ತಾರೆ. ಸ್ವಲ್ಪ ನಿಂತು ಪದವನ್ನು ಬಿಡಿಸಿದರೆ ಒಳಗೊಬ್ಬ ಹೆಣ್ಣುಮಗಳು ಸಿಗುತ್ತಾಳೆ.

‘ಗ್ರೇ’ ಎಂದರೆ ಬೂದು ಬಣ್ಣ, ಸರಿ. ಮಾಲ್ಕಿನ್ ಯಾರು? ಮಟಿಲ್ಡಾ ಎಂಬ ಹೆಸರು ಆಡುಮಾತಿನಲ್ಲಿ ಸವೆದು ಮಾಡ್ ಆಯಿತು. ಅದರ ಇನ್ನೊಂದು ರೂಪಕ್ಕೆ ‘ಪುಟ್ಟ’ ಎಂಬ ಅರ್ಥದ ‘ಕಿನ್’ ಸೇರಿ ಮಾಲ್ಕಿನ್ ಆಯಿತು. ವಿಲ್ಲೋ ಮರದ ಹೂಗೊಂಚಲನ್ನು ಸಸ್ಯಶಾಸ್ತ್ರದಲ್ಲಿ ಕ್ಯಾಟ್‌ಕಿನ್ ಎನ್ನುತ್ತಾರಲ್ಲ, ಅದೂ ಬೆಕ್ಕಿನ ಮರಿ ಎಂಬ ಅರ್ಥದ ಡಚ್ ಪದದಿಂದ ಬಂದದ್ದು.

ಮಟಿಲ್ಡಾ ಎಂಬುದು ರಾಣಿಯರ ಹೆಸರು. ಮಾಲ್ಕಿನ್ ಬಡವರ ಕೇರಿಯಲ್ಲಿ ಉಳಿಯಿತು. ಬರಬರುತ್ತ ಕೊಳಕು ಹೆಂಗಸು, ಬೆದರುಬೊಂಬೆ, ರೊಟ್ಟಿ ಸುಡುವ ಒಲೆಯನ್ನು ಒರೆಸುವ ಬಟ್ಟೆಕೋಲು, ಎಲ್ಲಕ್ಕೂ ಅದೇ ಹೆಸರು. ಬೆಕ್ಕಿಗೂ ಅದೇ. 1553ರ ಸುಮಾರಿಗೆ ವಿಲಿಯಂ ಬಾಲ್ಡ್‌ವಿನ್ ಬರೆದ ಕಥೆಯಲ್ಲಿ ಗ್ರಿಮಾಲ್ಕಿನ್ ಎಂಬ ಬೆಕ್ಕು ಆಗಲೇ ಇದೆ.

ಇದು ಬರೀ ಪದಗಳ ಆಟವಾಗಿರಲಿಲ್ಲ. 1566ರಲ್ಲಿ ಇಂಗ್ಲೆಂಡಿನ ಚೆಮ್ಸ್‌ಫರ್ಡ್‌ನಲ್ಲಿ ಆಗ್ನೆಸ್ ವಾಟರ್‌ಹೌಸ್ ಎಂಬ ಮುದುಕಿಯನ್ನು ಮಾಟಗಾತಿಯೆಂದು ಗಲ್ಲಿಗೇರಿಸಿದರು. ಅವಳ ವಿಚಾರಣೆಯಲ್ಲಿ ಬಂದ ಮುಖ್ಯ ಮಾತೇ ಸೈತಾನನ ಹೆಸರಿಟ್ಟ ಬೆಕ್ಕು. 1604ರ ಕಾನೂನಿನ ಪ್ರಕಾರ ದುಷ್ಟಶಕ್ತಿಗೆ ಉಣಿಸುವುದೂ ಮರಣದಂಡನೆಯ ಅಪರಾಧ. ಒಂಟಿ ಮುದುಕಿ ಬೆಕ್ಕಿಗೆ ಹಾಲೆರೆದರೂ ನೆರೆಯವರ ಕಣ್ಣು ಕೆಂಪಾಗಲು ಅಷ್ಟು ಸಾಕಾಗಿತ್ತು. ‘ಮ್ಯಾಕ್‌ಬೆತ್’ ರಂಗಕ್ಕೆ ಬಂದದ್ದು ಆ ಕಾನೂನಿನ ಬೆನ್ನಿಗೇ, 1606ರ ಸುಮಾರಿಗೆ. ನೋಡುವವರಿಗೆ ಗ್ರೇಮಾಲ್ಕಿನ್ ತಮಾಷೆಯ ಹೆಸರಾಗಿ ಕೇಳಿಸಿರಲಾರದು. ಆ ಕಾನೂನು ರದ್ದಾಗಲು 1736 ಬರಬೇಕಾಯಿತು.

ಈಗ ನಮ್ಮ ‘ಮಾರ್ಜಾಲ’ವನ್ನು ನೋಡಿ. ಸಂಸ್ಕೃತದಲ್ಲಿ ‘ಮೃಜ್’ ಎಂದರೆ ಒರೆಸು, ಶುಚಿಮಾಡು. ಸದಾ ಮೈ ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ ಮಾರ್ಜಾಲ. ಪೊರಕೆಗೆ ಸಮ್ಮಾರ್ಜನಿ ಎನ್ನುವುದೂ ಅದೇ ಧಾತುವಿನಿಂದ. ಅಲ್ಲಿ ಒರೆಸುವ ಕೋಲು ಮಾಲ್ಕಿನ್, ಇಲ್ಲಿ ಒರೆಸಿಕೊಳ್ಳುವ ಬೆಕ್ಕು ಮಾರ್ಜಾಲ! ಎರಡೂ ಒಂದೇ ಬೇರಿನವು ಎಂದು ಹೇಳಲು ನಾಲಿಗೆ ತುರಿಸುತ್ತದೆ. ಆದರೆ ಒಂದು ಧಾತುವಿನಿಂದ ಹುಟ್ಟಿದ್ದು, ಇನ್ನೊಂದು ಹೆಂಗಸಿನ ಹೆಸರಿನಿಂದ. ಹಿಂದಿ ಸಿನಿಮಾಗಳಲ್ಲಿ ಕೆಲಸದಾಳು ಕರೆಯುವ ‘ಮಾಲ್ಕಿನ್’ ಕೂಡ ನೆಂಟಳಲ್ಲ. ಅವಳು ಅರಬ್ಬೀ ‘ಮಾಲಿಕ್’ನ ಕಡೆಯವಳು.