ಹಳ್ಳಿಯ ಹೈಸ್ಕೂಲು: ಹತ್ತಿರ ಬಂದ ಶಾಲೆ ಮತ್ತೆ ದೂರ ಸರಿಯುವುದೇ?

ಬೆಂಗಳೂರು: ಕರ್ನಾಟಕದ ಗ್ರಾಮೀಣ ಬಾಲಕಿಯೊಬ್ಬಳ ವಿದ್ಯಾಭ್ಯಾಸದ ಭವಿಷ್ಯ ಬಹುಪಾಲು ನಿರ್ಧಾರವಾಗುವುದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಲ್ಲ, ಏಳನೇ ತರಗತಿ ಮುಗಿಯುವ ಬೇಸಿಗೆಯಲ್ಲಿ. ಅಲ್ಲಿಯವರೆಗೆ ಶಾಲೆ ಊರಿನಲ್ಲೇ ಇರುತ್ತದೆ. ಎಂಟನೇ ತರಗತಿಗೆ ಅನೇಕ ಕಡೆ ಊರಿನ ಗಡಿ ದಾಟಬೇಕು. ಆಗ ಮನೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ, ‘ಹೈಸ್ಕೂಲು ಎಷ್ಟು ದೂರ?’

ರಾಜ್ಯದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಬೆಳವಣಿಗೆಯ ಇತಿಹಾಸವೆಂದರೆ ಈ ದೂರವನ್ನು ಕಡಿಮೆ ಮಾಡುತ್ತ ಬಂದ ಇತಿಹಾಸ. ಶಾಲೆಗಳನ್ನು ಒಂದೆಡೆ ಕೇಂದ್ರೀಕರಿಸುವ ಕರ್ನಾಟಕ ಪಬ್ಲಿಕ್ ಶಾಲೆ ಯೋಜನೆ ವಿಸ್ತಾರಗೊಳ್ಳುತ್ತಿರುವ ಈ ಸಂದರ್ಭದಲ್ಲಿ ಆ ಇತಿಹಾಸವನ್ನು ಮತ್ತೊಮ್ಮೆ ಅವಲೋಕಿಸುವುದು ಅಗತ್ಯ.

ವಾರಾನ್ನದ ಕಾಲ

1956ರಲ್ಲಿ ರಾಜ್ಯ ಏಕೀಕರಣಗೊಂಡಾಗ ಬೇರೆ ಬೇರೆ ಆಡಳಿತಗಳ ಪ್ರದೇಶಗಳು ಒಂದಾದವು. ಅವುಗಳ ಶೈಕ್ಷಣಿಕ ಸ್ಥಿತಿ ಒಂದೇ ಆಗಿರಲಿಲ್ಲ. ಹಳೆಯ ಮೈಸೂರು ಮತ್ತು ಕರಾವಳಿಯಲ್ಲಿ ಆಧುನಿಕ ಶಿಕ್ಷಣಕ್ಕೆ ಒಂದು ಪರಂಪರೆ ಇತ್ತು. ನಿಜಾಮರ ಆಡಳಿತದಲ್ಲಿದ್ದ ಕಲಬುರ್ಗಿ, ರಾಯಚೂರು, ಬೀದರ್ ಭಾಗದಲ್ಲಿ ಆಡಳಿತ ಹಾಗೂ ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿದ್ದರಿಂದ ಕನ್ನಡದ ಮಗುವಿಗೆ ದೂರದ ಜೊತೆಗೆ ಭಾಷೆಯ ತೊಡಕೂ ಇತ್ತು.

ಆ ದಿನಗಳಲ್ಲಿ ಪ್ರೌಢಶಾಲೆ ಎಂದರೆ ಸಾಮಾನ್ಯವಾಗಿ ಪಟ್ಟಣದ ಅಥವಾ ತಾಲ್ಲೂಕು ಕೇಂದ್ರದ ಸಂಸ್ಥೆ. ಹಳ್ಳಿಯ ಹುಡುಗರು ನೆಂಟರ ಮನೆಯಲ್ಲಿದ್ದು, ವಾರಾನ್ನ ಮಾಡಿಕೊಂಡು ಅಥವಾ ಉಚಿತ ವಿದ್ಯಾರ್ಥಿ ನಿಲಯಗಳಲ್ಲಿ ಉಳಿದು ಓದಿದರು. ಈ ಮೂರೂ ದಾರಿಗಳು ಹೆಚ್ಚಾಗಿ ಗಂಡುಮಕ್ಕಳಿಗೆ ಮಾತ್ರ ತೆರೆದಿದ್ದವು. ವಾರಾನ್ನವಂತೂ ಎಲ್ಲ ಜಾತಿಯವರಿಗೂ ದೊರೆಯುವಂಥದಾಗಿರಲಿಲ್ಲ.

ಸರ್ಕಾರ ತಲುಪದ ಕಡೆಗಳಲ್ಲಿ ಮಠಗಳು ಆ ಕೆಲಸ ಮಾಡಿದವು. ಸುತ್ತೂರು, ಸಿದ್ಧಗಂಗಾ, ಆದಿಚುಂಚನಗಿರಿ ಮತ್ತು ಸಿರಿಗೆರೆ ಮಠಗಳ ವಿದ್ಯಾಸಂಸ್ಥೆಗಳು ಹಳ್ಳಿಗಾಡಿನಲ್ಲಿ ಪ್ರೌಢಶಾಲೆಗಳನ್ನು ತೆರೆದವು. ಅನೇಕ ಊರುಗಳಲ್ಲಿ ಗ್ರಾಮಸ್ಥರೇ ಜಮೀನು ಬಿಟ್ಟುಕೊಟ್ಟು, ವಂತಿಗೆ ಎತ್ತಿ ಕೊಠಡಿ ಕಟ್ಟಿಸಿದರು. ಇಂದಿಗೂ ಹಲವು ಸರ್ಕಾರಿ ಹೈಸ್ಕೂಲುಗಳ ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲುಗಳಿವೆ.

ಆಯೋಗಗಳು ಹೇಳಿದ್ದೇನು?

1952-53ರ ಮುದಲಿಯಾರ್ ಆಯೋಗವು ಪ್ರೌಢಶಾಲೆ ಕೇವಲ ಕಾಲೇಜಿನ ಮೆಟ್ಟಿಲಾಗಬಾರದು, ಕೃಷಿ ಮತ್ತು ಕೈಗಾರಿಕೆಯನ್ನೂ ಕಲಿಸುವ ಬಹೂದ್ದೇಶ ಶಾಲೆಯಾಗಬೇಕು ಎಂದಿತು. ಆ ಆಶಯ ಆಚರಣೆಯಲ್ಲಿ ಬಹುಕಾಲ ಉಳಿಯಲಿಲ್ಲ. 1964-66ರ ಕೊಠಾರಿ ಆಯೋಗವು ನೆರೆಹೊರೆ ಶಾಲೆಯ ಕಲ್ಪನೆಯನ್ನು ಮುಂದಿಟ್ಟಿತು. ಒಂದು ಪ್ರೌಢಶಾಲೆಯನ್ನು ಕೇಂದ್ರವಾಗಿಟ್ಟುಕೊಂಡು ಸುತ್ತಲಿನ ಪ್ರಾಥಮಿಕ ಶಾಲೆಗಳನ್ನು ಬೆಸೆಯುವ ಶಾಲಾ ಸಂಕೀರ್ಣವನ್ನೂ ಸೂಚಿಸಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಸಂಕೀರ್ಣ ಶಾಲೆಗಳ ನಡುವಿನ ಸಹಕಾರದ ಏರ್ಪಾಡಾಗಿತ್ತು. ಸಣ್ಣ ಶಾಲೆಗಳನ್ನು ಅಳಿಸುವ ಏರ್ಪಾಡಾಗಿರಲಿಲ್ಲ.

ಸೈಕಲ್ ಬಂತು, ಊಟ ಬಂತು

ನಿಜವಾದ ತಿರುವು ಕಂಡದ್ದು 2000ದ ನಂತರ. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾಗಿ ಪೋಷಕರಿಗೆ ಶಾಲೆಯ ಆಡಳಿತದಲ್ಲಿ ಸ್ಥಾನ ದೊರೆಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ವರದಿ ನೀಡಿ, ಪ್ರಾದೇಶಿಕ ಅಸಮತೋಲನವನ್ನು ಅಂಕಿಅಂಶಗಳ ಮೂಲಕ ತೆರೆದಿಟ್ಟಿತು.

2006-07ರಲ್ಲಿ ಎಂಟನೇ ತರಗತಿಯ ಬಡ ಬಾಲಕಿಯರಿಗೆ ಉಚಿತ ಸೈಕಲ್ ನೀಡುವ ಯೋಜನೆ ಜಾರಿಯಾಯಿತು. ಬಳಿಕ ಅದು ಬಾಲಕರಿಗೂ ವಿಸ್ತರಿಸಿತು. ಪ್ರಾಥಮಿಕ ಶಾಲೆಗೆ ಸೀಮಿತವಾಗಿದ್ದ ಅಕ್ಷರ ದಾಸೋಹದ ಬಿಸಿಯೂಟ 2007ರಲ್ಲಿ ಪ್ರೌಢಶಾಲೆಗೂ ಬಂತು. ಕೇಂದ್ರದ ನೆರವು ಎಂಟನೇ ತರಗತಿಗೇ ನಿಲ್ಲುವುದರಿಂದ 9 ಮತ್ತು 10ನೇ ತರಗತಿಯ ಊಟದ ವೆಚ್ಚವನ್ನು ರಾಜ್ಯವೇ ಹೊತ್ತಿದೆ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನವು ಯಾವುದೇ ಜನವಸತಿಯಿಂದ ಐದು ಕಿ.ಮೀ. ಒಳಗೆ ಪ್ರೌಢಶಾಲೆ ಇರಬೇಕೆಂಬ ಗುರಿ ಇಟ್ಟಿತು.

ಕಟ್ಟಡ, ಸೈಕಲ್, ಊಟ, ಈ ಮೂರೂ ಹಳ್ಳಿಯ ಮನೆಯ ಲೆಕ್ಕಾಚಾರವನ್ನು ಬದಲಿಸಿದವು. ಆದರೆ ಈ ಸಾಧನೆಗೆ ಕಾನೂನಿನ ಪೂರ್ಣ ಬೆಂಬಲವಿಲ್ಲ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಮಾತ್ರ ಅನ್ವಯಿಸುತ್ತದೆ. 9 ಮತ್ತು 10ನೇ ತರಗತಿ ಅದರ ವ್ಯಾಪ್ತಿಯ ಹೊರಗಿವೆ. ಯೋಜನೆಯಿಂದ ಬಂದದ್ದು ಯೋಜನೆಯೊಂದಿಗೇ ಹೋಗಬಹುದು ಎಂಬುದಕ್ಕೆ, ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತದ್ದೇ ನಿದರ್ಶನ.

ಫಲಿತಾಂಶದ ಪಾಠ

ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿತ್ರಣವೇ ಬದಲಾಗಿದೆ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ 2024ರಲ್ಲಿ ಶೇ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶಾಲಾ ವಿದ್ಯಾರ್ಥಿಗಳ ಉತ್ತೀರ್ಣ ಪ್ರಮಾಣ ಶೇ 66.14.

ಆ ವರ್ಷದ ಇನ್ನೊಂದು ಅಂಕಿ ಹೆಚ್ಚು ಗಮನಾರ್ಹ. ನಗರದ ಮಕ್ಕಳಲ್ಲಿ ಶೇ 67.05, ಗ್ರಾಮೀಣ ಮಕ್ಕಳಲ್ಲಿ ಶೇ 65.47 ತೇರ್ಗಡೆಯಾದರು. ಅಂತರ ಎರಡು ಅಂಶವೂ ಇಲ್ಲ. ಅದೇ ದಕ್ಷಿಣ ಕನ್ನಡ ಜಿಲ್ಲೆಯ ಫಲಿತಾಂಶ ಶೇ 91.12 ಆದರೆ, ಕಲಬುರ್ಗಿಯದು ಶೇ 42.43. ಅಂದರೆ ಹಿನ್ನಡೆಯ ಗೆರೆ ಹಳ್ಳಿ ಮತ್ತು ಪಟ್ಟಣದ ನಡುವೆ ಇಲ್ಲ. ಪ್ರದೇಶ ಮತ್ತು ಪ್ರದೇಶದ ನಡುವೆ ಇದೆ. ಏಕೀಕರಣದ ವೇಳೆ ಇದ್ದ ಅಸಮಾನತೆಯ ನೆರಳು ಏಳು ದಶಕಗಳ ನಂತರವೂ ಅಳಿದಿಲ್ಲ. 371(ಜೆ) ವಿಶೇಷ ಸ್ಥಾನಮಾನ ದೊರೆತು ದಶಕ ಕಳೆದರೂ ಸ್ಥಿತಿ ಇದು.

ಕೊಠಡಿಯ ಜೊತೆಗೆ ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಕಾಯಂ ಶಿಕ್ಷಕರು ಇಲ್ಲದಿದ್ದರೆ ಪ್ರೌಢಶಾಲೆ ಹೆಸರಿಗಷ್ಟೇ ಪ್ರೌಢ. ಪ್ರತಿ ವರ್ಷ ಜೂನ್‌ನಲ್ಲಿ ಅತಿಥಿ ಶಿಕ್ಷಕರ ನೇಮಕ ಆಗುತ್ತದೆ. 2025-26ರ ಮುಂಗಡಪತ್ರದಲ್ಲಿ ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಲಾಯಿತು. ಆದರೆ ಮುಂದಿನ ವರ್ಷ ಅದೇ ಶಾಲೆಯಲ್ಲಿ ಇರುವ ಭರವಸೆ ಇಲ್ಲದ ಶಿಕ್ಷಕ, ಎಂಟನೇ ತರಗತಿಯ ಮಗುವನ್ನು ಹತ್ತರವರೆಗೆ ಕೈಹಿಡಿದು ನಡೆಸುವುದು ಕಷ್ಟ.

ಒಂದೇ ಸೂರು, ಹಲವು ಹಾದಿ

2018-19ರಲ್ಲಿ 176 ಶಾಲೆಗಳೊಂದಿಗೆ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆ, ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಕಲಿಸುವ ವ್ಯವಸ್ಥೆ. ಇನ್ನೂ 500 ಶಾಲೆಗಳನ್ನು ಈ ಮಾದರಿಗೆ ಏರಿಸುವುದಾಗಿ 2025-26ರ ಮುಂಗಡಪತ್ರ ಪ್ರಕಟಿಸಿತು. ಪ್ರಯೋಗಾಲಯ, ಗ್ರಂಥಾಲಯ, ಪ್ರತಿ ವಿಷಯಕ್ಕೂ ಶಿಕ್ಷಕರು ಒಂದೆಡೆ ದೊರೆಯುವುದು ಇದರ ಹೆಗ್ಗಳಿಕೆ. ಹತ್ತನೆಯ ತರಗತಿಯ ನಂತರ ಪಿಯುಸಿಗಾಗಿ ಮತ್ತೆ ಅಲೆಯಬೇಕಿಲ್ಲ ಎಂಬುದು ಬಾಲಕಿಯರ ಪಾಲಿಗೆ ಸಣ್ಣ ಮಾತಲ್ಲ.

ವಿರೋಧಿಸುವವರ ಆತಂಕವೂ ಅಷ್ಟೇ ಸಾಧಾರ. ದೊಡ್ಡ ಶಾಲೆಯ ನೆಪದಲ್ಲಿ ಸುತ್ತಲಿನ ಸಣ್ಣ ಶಾಲೆಗಳು ವಿಲೀನಗೊಂಡರೆ, ಅರ್ಧ ಶತಮಾನದಲ್ಲಿ ಗಳಿಸಿದ ಸಾಮೀಪ್ಯ ಕೈಬಿಟ್ಟಂತೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಾಲಕಿಯರಿಗೆ ಬಸ್ ಪ್ರಯಾಣ ಉಚಿತ, ನಿಜ. ಆದರೆ ಶಾಲೆಯ ವೇಳೆಗೆ ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್‌ಗೆ ಅರ್ಥವಿಲ್ಲ.

ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯು 2+8+4 ರಚನೆಯನ್ನು ಶಿಫಾರಸು ಮಾಡಿದೆ. ಅದರಂತೆ ಎಂಟನೇ ತರಗತಿ ಪ್ರಾಥಮಿಕ ಹಂತಕ್ಕೆ ಸೇರುತ್ತದೆ. ಊರು ಬಿಡುವ ಬೇಸಿಗೆ ಒಂದು ವರ್ಷ ಮುಂದೆ ಹೋಗಬಹುದು. ಪ್ರಶ್ನೆ ಮಾತ್ರ ಬದಲಾಗದು.

ದೊಡ್ಡ ಶಾಲೆಯೋ ಸಣ್ಣ ಶಾಲೆಯೋ ಎಂಬ ಚರ್ಚೆಗಿಂತ, ಯಾವ ಶಾಲೆಯನ್ನು ವಿಲೀನಗೊಳಿಸುವ ಮುನ್ನವೂ ಆ ಊರಿನ ಕೊನೆಯ ಮನೆಯಿಂದ ಹೊಸ ತರಗತಿಯ ಬಾಗಿಲಿನವರೆಗಿನ ಹಾದಿಯನ್ನು ಅಳೆಯುವುದು ಮುಖ್ಯ. ಮಳೆಗಾಲದ ಬೆಳಿಗ್ಗೆ ಆ ಹಾದಿಯಲ್ಲಿ ಹದಿಮೂರು ವರ್ಷದ ಬಾಲಕಿ ಒಬ್ಬಳೇ ನಡೆಯಬಲ್ಲಳೇ? ಇಲ್ಲ ಎಂಬ ಉತ್ತರ ಬಂದ ಊರಿನಲ್ಲಿ ಹಳೆಯ ಶಾಲೆಯ ಬೀಗದ ಕೈ ಊರಲ್ಲೇ ಉಳಿಯಬೇಕು.